ಏಳನೇ ನಿಲ್ದಾಣದ ಪ್ರಯಾಣಿಕರು

ಏಳನೇ ನಿಲ್ದಾಣವನ್ನು ಕಿತ್ತುಹಾಕಬೇಕು ಎಂದು ಇಂಜಿನಿಯರಮ್ಮ ಬಂದು ಹೇಳಿದಾಗ ಪುಟಾಣಿ ಮೇಸ್ತ್ರಿ ಅದರ ಸೂರಿಗೆ ಅಂಟು ಹಚ್ಚುತ್ತಿದ್ದ. ಊರಿಗೆ ಬರಲಿರುವ ಮೆಟ್ರೋ ರೈಲಿನ ಮಾದರಿ ಅದು: ರಟ್ಟಿನ ಮನೆಗಳು, ಪ್ಲಾಸ್ಟಿಕ್ ಮರಗಳು, ಬೆರಳುದ್ದದ ರೈಲು. ಸಂಜೆ ಮಂತ್ರಿಗಳು ಈ ಮೆಟ್ರೋ ಕಚೇರಿಯ ಹಜಾರಕ್ಕೇ ಬಂದು ಪರದೆ ಸರಿಸುವವರಿದ್ದರು. ಇಷ್ಟಿಷ್ಟೇ ಮನೆ ಕಟ್ಟಿ ಹೊಟ್ಟೆ ಹೊರೆಯುವವನಿಗೆ ಜನ ಇಟ್ಟ ಹೆಸರು ಪುಟಾಣಿ ಮೇಸ್ತ್ರಿ. ಸ್ವಂತ ಹೆಸರು ಹಿಡಿದು ಕರೆದರೆ ಅವನೇ ತಿರುಗಿ ನೋಡುತ್ತಿರಲಿಲ್ಲ.

"ನಿನ್ನೆ ತಾನೇ ಚೆನ್ನಾಗಿದೆ ಅಂದ್ರಲ್ಲ ಮೇಡಂ?"

"ಈಗಲೂ ಚೆನ್ನಾಗೇ ಇದೆ ಕಣ್ರೀ. ಖರ್ಚಿನ ಅಂದಾಜು ವಾಪಸ್ ಬಂದಿದೆ, ಮಿತಿ ದಾಟಿದೆಯಂತೆ. ಮಿತಿ ದಾಟಿದ್ರೆ ಸರ್ಕಾರ ಬಿಡಿಗಾಸೂ ಕೊಡಲ್ಲ. ಒಂದು ನಿಲ್ದಾಣ ಕಮ್ಮಿ ಮಾಡಿ ಅಂದ್ರು. ಕೊನೇದನ್ನ ಕೀಳೋದು ಸುಲಭ ಅಲ್ವಾ?"

ಮೇಸ್ತ್ರಿ ಅಂಟಿನ ಕುಂಚ ಕೆಳಗಿಟ್ಟ. ಆ ಕೊನೆಯದು ಇದ್ದದ್ದು ಅವನ ಮನೆಯ ಬೀದಿಯ ತುದಿಯಲ್ಲಿ. ಅವನ ಅಕ್ಕ ಊರಿನ ಆಚೆ ತುದಿಯ ದೊಡ್ಡಾಸ್ಪತ್ರೆಯಲ್ಲಿ ಆಯಾ. ಎರಡು ಬಸ್ಸು ಬದಲಿಸಿ, ನಿಂತೇ ಹೋಗಿ ನಿಂತೇ ಬಂದು ಅವಳ ಮಂಡಿಗಳು ಊದಿಕೊಂಡಿದ್ದವು. ಮನೆ ಹತ್ತಿರದ ಕ್ಲಿನಿಕ್ಕಿನವರು ಅರ್ಧ ಸಂಬಳಕ್ಕೆ ಕರೆದಿದ್ದರು. "ಸ್ವಲ್ಪ ತಡ್ಕೋ ಅಕ್ಕ, ರೈಲು ಬಾಗಿಲಿಗೇ ಬರುತ್ತೆ, ನನ್ನ ಕೈಯಾರೆ ನಿಲ್ದಾಣ ಕೂರಿಸಿದ್ದೀನಿ" ಎಂದು ಬೀಗಿದವನು ಇವನೇ. ಕ್ಲಿನಿಕ್ಕಿನವರಿಗೆ ಅವಳು ಇವತ್ತು ಸಂಜೆಯೊಳಗೆ ಉತ್ತರ ಹೇಳಬೇಕಿತ್ತು. ಕೆಲಸ ಮುಗಿಸಿ ಬರುವಾಗ ಮಾದರಿಯಲ್ಲಿ ಆ ನಿಲ್ದಾಣವನ್ನು ಕಣ್ಣಾರೆ ನೋಡಿಯೇ ಹೇಳುತ್ತೇನೆ ಎಂದಿದ್ದಳು. ತನ್ನ ಹಾಳು ಬಾಯಿಯನ್ನು ಬೈದುಕೊಳ್ಳುತ್ತಾ ಮೇಸ್ತ್ರಿ ಬ್ಲೇಡು ತೂರಿಸಿ ನಿಲ್ದಾಣವನ್ನು ಎಬ್ಬಿಸಿದ.

ಊಟ ಮಾಡಿ ಕೈ ಒರೆಸಿಕೊಳ್ಳುವಷ್ಟರಲ್ಲಿ ಇಂಜಿನಿಯರಮ್ಮ ಏದುಸಿರು ಬಿಡುತ್ತಾ ಮತ್ತೆ ಬಂದರು.

"ಮೇಸ್ತ್ರಿ, ಅದನ್ನ ವಾಪಸ್ ಕೂರಿಸಿ! ನಿಲ್ದಾಣ ಕಿತ್ತಿದ್ದಕ್ಕೆ ಪ್ರಯಾಣಿಕರೂ ಕಮ್ಮಿ ಆದ್ರು. ಇಷ್ಟು ಕಮ್ಮಿ ಜನಕ್ಕೆ ರೈಲು ಯಾಕೆ, ದುಡ್ಡು ಕೊಡಲ್ಲ ಅಂತಿದ್ದಾರೆ."

ಮೇಸ್ತ್ರಿಗೆ ಹೋದ ಜೀವ ಬಂದಂತಾಯಿತು. ಆದರೂ ಅನುಮಾನ ಕಾಡಿತು. "ಕೂರಿಸಿದ್ರೆ ಖರ್ಚು ಮತ್ತೆ ಮಿತಿ ದಾಟಲ್ವಾ?"

"ದಾಟುತ್ತೆ."

"ಆಗ ದುಡ್ಡು ಕೊಡ್ತಾರಾ?"

"ಕೊಡಲ್ಲ."

"ಕಿತ್ತರೆ?"

"ಆಗಲೂ ಕೊಡಲ್ಲ."

ಇಂಜಿನಿಯರಮ್ಮ ಕನ್ನಡಕ ತೆಗೆದು ಸ್ಟೂಲಿನ ಮೇಲೆ ಕುಸಿದು ಕೂತರು. ಓದಿದವರಿಗೇ ತಲೆಬುಡ ತಿಳಿಯದ ಮೇಲೆ ತಾನು ಯಾವ ಲೆಕ್ಕ ಎಂದು ಮೇಸ್ತ್ರಿ ನಿಲ್ದಾಣವನ್ನು ಒಂದು ಕೈಯಲ್ಲಿ, ಅಂಟಿನ ಡಬ್ಬಿಯನ್ನು ಇನ್ನೊಂದು ಕೈಯಲ್ಲಿ ಹಿಡಿದು ನಿಂತ. ಆಗ ಮೇಲಿನ ಮಹಡಿಯಿಂದ ಫೋನು ಬಂತು. ಇಂಜಿನಿಯರಮ್ಮ ಹೂಂಗುಟ್ಟಿದರು, ಒಮ್ಮೆ "ಅದು ಹೇಗೆ ಸಾರ್?" ಎಂದರು, ಮತ್ತೆ ಹೂಂಗುಟ್ಟಿ ಇಟ್ಟರು.

"ಇತ್ಯರ್ಥ ಆಯ್ತು. ನಿಲ್ದಾಣ ಬೇಡ. ಜನ ಇರಲಿ."

"ಯಾವ ಜನ ಮೇಡಂ?"

"ಅಲ್ಲಿ ಹತ್ತಬೇಕಾಗಿದ್ದ ಜನ. ಅವರನ್ನ ಪ್ರಯಾಣಿಕರ ಲೆಕ್ಕಕ್ಕೆ ಸೇರಿಸಿದ್ದಾರೆ, ನಿಲ್ದಾಣವನ್ನ ಖರ್ಚಿನ ಲೆಕ್ಕದಿಂದ ಬಿಟ್ಟಿದ್ದಾರೆ. ಈಗ ಎರಡೂ ಸರಿ ಹೋಯ್ತು. ಮಾದರಿಯಲ್ಲೂ ಹಾಗೇ ಇರಬೇಕಂತೆ."

"ಮತ್ತೆ ಅವರೆಲ್ಲ ಹತ್ತೋದೆಲ್ಲಿ?"

"ಅದನ್ನ ಆಮೇಲೆ ನೋಡೋಣ ಅಂದ್ರು," ಎಂದು ಇಂಜಿನಿಯರಮ್ಮ ಅವನ ಮುಖ ನೋಡದೆ ಕನ್ನಡಕ ಒರೆಸತೊಡಗಿದರು.

ಮೇಸ್ತ್ರಿ ಉಗುರುದ್ದದ ಗಂಡಸರು, ಹೆಂಗಸರು, ಮಕ್ಕಳನ್ನು ಒಬ್ಬೊಬ್ಬರನ್ನೇ ಚಿಮುಟದಲ್ಲಿ ಎತ್ತಿ, ಹಲಗೆಯ ಖಾಲಿ ತುದಿಯಲ್ಲಿ ಅಂಟಿಸುತ್ತಾ ಹೋದ. ಕೊನೆಯ ಸಾಲು ಮುಗಿಯುವಾಗ ಬೆನ್ನ ಹಿಂದೆ ಕುಂಟುವ ಹೆಜ್ಜೆಯ ಸದ್ದಾಯಿತು. ಅಕ್ಕ ಬಂದಿದ್ದಳು. ಮಾದರಿಯ ಮೇಲೆ ಬಗ್ಗಿ, ತಮ್ಮ ಬೀದಿಯನ್ನು ಗುರುತು ಹಿಡಿದು, ಅದರ ತುದಿಗೆ ಕಣ್ಣು ಹಾಯಿಸಿದಳು.

"ಏನೋ ಇದು, ಇವರೆಲ್ಲ ಬಟ್ಟಬಯಲಲ್ಲಿ ಯಾಕೆ ನಿಂತಿದ್ದಾರೆ?"

"ರೈಲಿಗೆ ಕಾಯ್ತಿದ್ದಾರೆ ಅಕ್ಕ."

"ನಿಲ್ದಾಣ ಎಲ್ಲಿ? ರೈಲು ಇಲ್ಲಿ ನಿಲ್ಲುತ್ತೋ ಇಲ್ವೋ?"

ಹೌದು ಎಂದರೆ ಸುಳ್ಳು, ಇಲ್ಲ ಎಂದರೆ ಈ ಜನ ಯಾರು? ಮೇಸ್ತ್ರಿ ಇಂಜಿನಿಯರಮ್ಮನ ಕಡೆ ನೋಡಿದ. ಅವರು ಮೆಲ್ಲಗೆ, "ಲೆಕ್ಕದಲ್ಲಿ ನೀವೆಲ್ಲ ಆಗಲೇ ಹತ್ತಿಬಿಟ್ಟಿದ್ದೀರಮ್ಮ," ಎಂದರು.

ಅಕ್ಕ ಅವರನ್ನೊಮ್ಮೆ, ತಮ್ಮನನ್ನೊಮ್ಮೆ ನೋಡಿದಳು. ಸಿಟ್ಟಾಗಲಿಲ್ಲ. ಗುಂಪಿನಿಂದ ಒಬ್ಬ ಹೆಂಗಸನ್ನು ಪಟ್ಟನೆ ಕಿತ್ತು ಇಂಜಿನಿಯರಮ್ಮನ ಅಂಗೈಗಿಟ್ಟಳು.

"ಹಾಗಿದ್ರೆ ಒಬ್ಬಳನ್ನ ಲೆಕ್ಕದಿಂದ ಬಿಟ್ಟುಬಿಡಿ. ನಾಳೆಯಿಂದ ನಾನು ಮನೆ ಹತ್ತಿರದ ಕ್ಲಿನಿಕ್ಕಿಗೇ ನಡ್ಕೊಂಡು ಹೋಗ್ತೀನಿ."

ಅವಳು ಕುಂಟುತ್ತಾ ಬಾಗಿಲು ದಾಟುವವರೆಗೂ ಇಂಜಿನಿಯರಮ್ಮ ಬೊಂಬೆಯನ್ನೇ ನೋಡುತ್ತಾ ನಿಂತಿದ್ದರು. ಆಮೇಲೆ ಅದನ್ನು ಮೇಸ್ತ್ರಿಯ ಮುಂದೆ ಚಾಚಿದರು.

"ಇದನ್ನ ಇದ್ದಲ್ಲೇ ಅಂಟಿಸಿಬಿಡಿ ಮೇಸ್ತ್ರಿ. ಒಬ್ಬರು ಕಮ್ಮಿ ಆದ್ರೂ ದುಡ್ಡು ಬರಲ್ಲ."