ಹುಣ್ಣಿಮೆಯ ರಜಾ

"ಹುಣ್ಣಿಮೆ ದಿನ ರಜಾನಾ, ಸ್ವಾಮಿ?" ಬೀದಿ ದೀಪ ಹಚ್ಚುವ ದೇವೀರಪ್ಪ ಜೋರಾಗಿ ನಕ್ಕುಬಿಟ್ಟ. "ಬೆಳದಿಂಗಳಿದ್ದಾಗ ದೀಪ ಹಚ್ಚಂಗಿಲ್ಲ ಅಂತ ಮುನಿಸಿಪಾಲಿಟಿಯೋರೇ ಕಾನೂನು ಮಾಡವ್ರೆ. ಅವತ್ತು ನಂಗೆ ಯಾವಾಗ್ಲೂ ರಜಾನೇ ಕಣ್ರೀ!"

ಗುಮಾಸ್ತ ಗುಂಡಣ್ಣ ಕೈಯಲ್ಲಿದ್ದ ಹುಕುಮನ್ನು ಮತ್ತೊಮ್ಮೆ ಓದಿಕೊಂಡ. ದೀಪಾವಳಿ ಅಮಾವಾಸ್ಯೆಯಂದು ದುಡಿಯುವವನಿಗೆ ಬದಲಿ ರಜಾ ಕೊಡಬೇಕೆಂದು ಅಧ್ಯಕ್ಷರನ್ನು ಕಾಡಿ ಬೇಡಿ ಒಪ್ಪಿಸಿದವನು ಅವನೇ. ಆ ರಜಾ ಹುಣ್ಣಿಮೆಯ ದಿನ ಎಂದು ಒಕ್ಕಣೆ ಬರೆದವನೂ ಅವನೇ. ಮೂರು ಸಲ ಓದಿ ಕೊಂಬು, ದೀರ್ಘಗಳನ್ನೆಲ್ಲ ತಿದ್ದಿದ್ದ. ಊರಿಗೆಲ್ಲ ಗೊತ್ತಿದ್ದ ಈ ಸಂಗತಿ ಮಾತ್ರ ಹೊಳೆದಿರಲಿಲ್ಲ. ಈಗ ಬದಲಾಯಿಸೋಣವೆಂದರೆ ಅಧ್ಯಕ್ಷರು ರುಜು ಹಾಕಿ, ಹಬ್ಬಕ್ಕೆಂದು ಬೆಳಗಿನ ರೈಲಿಗೇ ಕಡೂರಿಗೆ ಹೊರಟುಹೋಗಿದ್ದರು.

"ಹೋಗ್ಲಿ ಬಿಡಿ" ಎಂದ ದೇವೀರಪ್ಪ. "ನಂಗೆ ಬೇಕಾಗಿದ್ದು ಇವತ್ತಿನ ಸಂಜೆ ಒಂದೇ. ಮಗಳ ಮದುವೆ ಆದ್ಮೇಲೆ ಮೊದಲ್ನೇ ದೀಪಾವಳಿ. ಬುಕ್ಕಾಂಬುಧಿಯಿಂದ ಅಳಿಯ ಬಂದವ್ನೆ. ಹೊತ್ತು ಮುಳುಗೋವಾಗ ಎಲೆ ಹಾಕ್ತೀನಿ, ಪಕ್ಕದಾಗೆ ಮಾವ ಇಲ್ದಿದ್ರೆ ಚೆಂದಾನಾ ಅಂತ ನನ್ನ ಹೆಂಡ್ತಿ ಅಂಜಿನಮ್ಮ ಬೆಳಿಗ್ಗೆಯಿಂದ ಒಂದೇ ಸಮ. ಆದ್ರೆ ಅಮಾಸೆ ಕತ್ತಲು. ಊರನ್ನ ಹಂಗೇ ಬಿಡಕ್ಕಾಯ್ತದಾ?"

"ಇವತ್ತು ನಾನು ಹಚ್ತೀನಿ." ಮಾತು ಬಾಯಿಂದ ಬಿದ್ದ ಮೇಲೆ ಗುಂಡಣ್ಣನಿಗೇ ಭಯವಾಯಿತು.

"ನೀವಾ? ಗಡಿಯಾರಕ್ಕೆ ಕೀಲಿ ಕೊಡೋಕೆ ಕುರ್ಚಿ ಹತ್ತಬೇಕು ಅಂದ್ರೆ ಜವಾನನ್ನ ಕರೀತೀರಿ!"

"ಕರೀತೀನಿ ಕಣಯ್ಯ. ಆದ್ರೆ ತಪ್ಪು ಬರೆದೋನು ನಾನು. ಏಣಿ ಎಲ್ಲಿದೆ ಹೇಳು."

ದೇವೀರಪ್ಪ ಈ ಸಲ ನಗಲಿಲ್ಲ. "ಉಗ್ರಾಣದ ಹಿಂದೆ" ಎಂದ.

ಸಂಜೆ ಗುಂಡಣ್ಣ ಪಂಚೆ ಎತ್ತಿ ಕಟ್ಟಿ ಮೊದಲನೆಯ ಕಂಬಕ್ಕೆ ಏಣಿ ಒರಗಿಸಿ ಹತ್ತಿದ. ಜಗಲಿಯೊಂದರಿಂದ ಯಾರೋ ಕೂಗಿದರು: "ಏನ್ರೀ ಗುಮಾಸ್ತರೇ, ಬಡ್ತಿ ಸಿಕ್ತಾ? ಬಲು ಮೇಲಕ್ಕೆ ಹೋಗ್ಬಿಟ್ರಿ!" ಅವನು ಎರಡು ಕೈಯಲ್ಲೂ ಏಣಿಯನ್ನು ತಬ್ಬಿಕೊಂಡಿದ್ದ. ಹೇಗೋ ದೀಪದ ಬಾಗಿಲು ತೆರೆದವನು ಬೆರಗಾದ. ಗಾಜು ಬೂದಿಯಲ್ಲಿ ಉಜ್ಜಿಸಿಕೊಂಡು ನೀರಿನಂತೆ ತಿಳಿಯಾಗಿತ್ತು. ಎಣ್ಣೆ ಕಂಠಮಟ್ಟ ತುಂಬಿತ್ತು. ಬತ್ತಿಯನ್ನು ಓರೆಯಿಲ್ಲದೆ ಕತ್ತರಿಸಲಾಗಿತ್ತು. ಎರಡನೆಯ ಕಂಬದಲ್ಲೂ ಹಾಗೆಯೇ, ಮೂರನೆಯದರಲ್ಲೂ ಹಾಗೆಯೇ. ಹಬ್ಬದ ಮಧ್ಯಾಹ್ನವೆಲ್ಲ ದೇವೀರಪ್ಪ ಇಪ್ಪತ್ತೆರಡು ಕಂಬ ಹತ್ತಿ ಇಳಿದಿದ್ದ. ಗುಂಡಣ್ಣನಿಗೆಂದು ಉಳಿಸಿದ್ದು ಕಡ್ಡಿ ಗೀರುವ ಕೆಲಸ ಒಂದೇ.

ಕೊನೆಯ ಕಂಬ ದೇವೀರಪ್ಪನ ಮನೆಯ ಎದುರಿಗೇ ಇತ್ತು. ತೆರೆದ ಬಾಗಿಲಿನಾಚೆ, ಹಣತೆಗಳ ಬೆಳಕಿನಲ್ಲಿ, ಅವನು ಅಳಿಯನ ಪಕ್ಕದಲ್ಲಿ ಎಲೆಯ ಮುಂದೆ ಕೂತಿದ್ದ.

"ಉಣ್ಣಬಾರ್ದಾ? ಅಳಿಯಂದ್ರು ಕಾಯ್ತಾ ಅವ್ರೆ" ಎಂದು ಅಂಜಿನಮ್ಮ ತುಪ್ಪ ಬಡಿಸುತ್ತಾ ಗದರಿದಳು.

ಮುರಿದ ಹೋಳಿಗೆ ಅವನ ಕೈಯಲ್ಲೇ ಇತ್ತು. ಕಣ್ಣು ಕಂಬದ ಮೇಲಿತ್ತು. ಗಾಳಿಗೆ ಒಂದು ಕಡ್ಡಿ ಆರಿತು. ಇನ್ನೊಂದೂ ಆರಿತು. ಮೂರನೆಯದನ್ನು ಗುಂಡಣ್ಣ ಅಂಗೈಯ ಮರೆಯಲ್ಲಿ ಕಾಪಾಡಿ ಬತ್ತಿಗೆ ಮುಟ್ಟಿಸಿ, ಗಾಜು ಮುಚ್ಚಿದ. ಉರಿ ಒಮ್ಮೆ ತೊನೆದು ನೆಟ್ಟಗೆ ನಿಂತಿತು.

ಆಗ ದೇವೀರಪ್ಪ ತುತ್ತನ್ನು ಬಾಯಿಗಿಟ್ಟ.