ಕೈ ಕಟ್ಟಿ ನಿಂತವರು

ಹೊಟ್ಟೆ ತೆರೆದದ್ದೇ ತಡ, ರಕ್ತ ಉಕ್ಕಿತು. ಕಿರಿಯ ಸರ್ಜನ್ ತಲೆಯೆತ್ತಿ ಎದುರಿಗಿದ್ದ ಗುರುಗಳ ಕೈ ನೋಡಿದಳು. ಗ್ಲೌಸ್ ತೊಟ್ಟ ಆ ಎರಡು ಕೈಗಳು ಎಂದಿನಂತೆ ಎದೆಯ ಮೇಲೆ ಒಂದನ್ನೊಂದು ಬಿಗಿಯಾಗಿ ಹಿಡಿದುಕೊಂಡಿದ್ದವು.

ಮಲಗಿದ್ದವನು ಮೂಟೆ ಹೊರುವ ಹಮಾಲಿ. ಲಾರಿಯ ಮೇಲಿಂದ ಬಿದ್ದು, ಎಡಪಕ್ಕೆಯ ಒಳಗೆ ಗುಲ್ಮ, ಅಂದರೆ ಸ್ಪ್ಲೀನ್, ಒಡೆದಿತ್ತು.

"ಸರ್, ಏನೂ ಕಾಣ್ತಿಲ್ಲ."

"ಕಾಣಲ್ಲ. ಬೆರಳಿಗೆ ಸಿಗುತ್ತೆ. ಗುಲ್ಮದ ಬುಡ ಹುಡುಕು."

ಎರಡು ದೇಶಗಳ ವೈದ್ಯಕೀಯ ಕಾಲೇಜುಗಳ ಒಪ್ಪಂದದಂತೆ ಗುರುಗಳು ಹೊರದೇಶದಿಂದ ಇಲ್ಲಿಗೆ ಕಲಿಸಲು ಬಂದು ಮೂರು ತಿಂಗಳಾಗಿತ್ತು. ಬಂದ ದಿನವೇ ಹೇಳಿದ್ದರು: "ನಾನು ಮುಟ್ಟಿದ್ರೆ ಅದು ನಿನ್ನ ಆಪರೇಷನ್ ಅಲ್ಲ." ಅವಳ ದಾಖಲೆ ಪುಸ್ತಕದಲ್ಲಿ 'ಸ್ವತಃ ಮಾಡಿದ್ದು' ಎಂಬ ಅಂಕಣಕ್ಕೆ ಇನ್ನೊಂದೇ ಕೇಸು ಬಾಕಿ. ತಪ್ಪಿದರೆ ಮತ್ತೊಂದು ವರ್ಷ ತರಬೇತಿ.

"ಮುಟ್ಟಿದ್ರೆ ದೊರೆ ಕೈ ಸವೆದುಹೋಗುತ್ತೇನೋ, ಡಾಕ್ಟ್ರಮ್ಮ! ನಿಮ್ಮ ಪುಸ್ತಕಕ್ಕೆ ಅವರ ಸಹಿ ಬದಲು ಸೀಲು ಒತ್ತೋದೂ ನಾನೇ" ಎಂದು ಥಿಯೇಟರಿನ ನರ್ಸಮ್ಮ ಒಮ್ಮೆ ಗೊಣಗಿದ್ದಳು. ಟೀ ಕೊಟ್ಟರೂ ಎಲ್ಲರೂ ಎದ್ದುಹೋಗುವವರೆಗೆ ಅವರು ಲೋಟ ಮುಟ್ಟುತ್ತಿರಲಿಲ್ಲ. ಇಲ್ಲಿನದೇನೂ ಇವರಿಗೆ ಹಿಡಿಸದು ಎಂದೇ ಕಿರಿಯ ಸರ್ಜನ್ ನಂಬಿದ್ದಳು.

"ಬಿಪಿ ಅರವತ್ತು!" ತಲೆಯ ಬಳಿ ಕೂತಿದ್ದ ಅರಿವಳಿಕೆ ವೈದ್ಯ ಕೂಗಿದ.

"ಸರ್, ನೀವೇ ಮಾಡಿ! ನನ್ನ ವರ್ಷ ಹೋದ್ರೆ ಹೋಗ್ಲಿ!"

"ಒಳಗಿರೋದು ನಿನ್ನ ಕೈ. ಹುಡುಕು."

ಅವಳಿಗೆ ಸಿಟ್ಟು ನೆತ್ತಿಗೇರಿತು. ಹಮಾಲಿ ಸತ್ತರೂ ಈ ಮನುಷ್ಯ ಕದಲುವುದಿಲ್ಲ. ಅದೇ ಸಿಟ್ಟಿನಲ್ಲಿ ಕೈಯನ್ನು ಇನ್ನೂ ಆಳಕ್ಕಿಳಿಸಿದಳು. ಬುಡ ಸಿಕ್ಕಿತು. ಎರಡು ಬೆರಳಲ್ಲಿ ಹಿಸುಕಿದಳು. ರಕ್ತ ನಿಂತಿತು. ಕ್ಲಾಂಪು. ದಾರ. ಗಂಟು.

"ಬಿಪಿ ನೂರು" ಎಂದ ಅರಿವಳಿಕೆ ವೈದ್ಯ.

ಸಂಜೆ ಹಮಾಲಿ ಕಣ್ಣುಬಿಟ್ಟು ಹೆಂಡತಿಯನ್ನು ಗುರುತಿಸಿದ ಮೇಲೆ, ಅವಳು ಗುರುಗಳ ಕೋಣೆಗೆ ಹೋಗಿ ತರಬೇತಿ ಮುಗಿದ ಪ್ರಮಾಣಪತ್ರವನ್ನು ಮೇಜಿನ ಮೇಲೆ ಕುಕ್ಕಿದಳು.

"ಇದಕ್ಕೆ ಸೀಲು ನಡೆಯಲ್ಲ, ಸರ್. ನಿಮ್ಮ ಸಹಿನೇ ಬೇಕು."

ಅವರು ಪತ್ರವನ್ನೇ ನೋಡುತ್ತ ಕುಳಿತರು.

"ಬಾಗಿಲು ಹಾಕು."

ಹಾಕಿದಳು. ತಡೆಯಲಾಗಲಿಲ್ಲ. "ಒಂದು ಮಾತು, ಸರ್. ನಾನು ಅಷ್ಟು ಬೇಡಿಕೊಂಡೆ. ಆದ್ರೂ ಕೈ ಹಾಕ್ಲಿಲ್ಲ ನೀವು."

"ಹಾಕಿದ್ರೆ ಅವನು ಬದುಕ್ತಿರಲಿಲ್ಲ."

ಮೂರು ತಿಂಗಳಲ್ಲಿ ಮೊದಲ ಬಾರಿಗೆ ಅವಳೆದುರು ಆ ಕೈಗಳು ಒಂದನ್ನೊಂದು ಬಿಟ್ಟವು. ಬಲಗೈ ಎತ್ತಿಕೊಂಡ ಪೆನ್ನು ಅದರ ಹಿಡಿತಕ್ಕೆ ಸಿಗದೆ ಕಾಗದದ ಮೇಲೆ ಟಕಟಕನೆ ಬಡಿದುಕೊಳ್ಳತೊಡಗಿತು.