ಎಲ್ಲ ಕ್ಷೇಮ

ನೀಲವ್ವನ ಚಹಾದಂಗಡಿಗೆ ಹಾಲು ಕೊಡುತ್ತಿದ್ದ ಒಂದೇ ಎಮ್ಮೆ ಹಾಡಹಗಲೇ ಕಳುವಾಯಿತು. ಆಕೆ ಠಾಣೆಗೆ ಹೋಗಿ ಹೇಳಿದರೆ ಸಾಹೇಬರು ನಂಬಲೊಲ್ಲರು.

“ನಿಮ್ಮೂರಾಗ ಕಳವ ಹೆಂಗಾಗತೈತಿ? ನಮ್ಮ ಪೊಲೀಸ ದಿನಾ ಬೀಟಿಗೆ ಬಂದು ನಿನ್ನ ಅಂಗಡ್ಯಾಗಿನ ಪುಸ್ತಕಕ್ಕ ಸಹಿ ಮಾಡ್ತಾನ.”

“ಅದನ್ನೂ ತಂದೀನ್ರಿ,” ಎಂದು ಆಕೆ ಚೀಲದಿಂದ ಬೀಟ್ ಪುಸ್ತಕ ತೆಗೆದು ಮೇಜಿನ ಮೇಲಿಟ್ಟಳು.

ಸಾಹೇಬರು ಈ ವಾರದ ಪುಟ ತೆರೆದು, ಪುರಾಣ ಓದುವವರ ಗತ್ತಿನಲ್ಲಿ ಓದಿದರು. “ಸೋಮವಾರ, ಎಲ್ಲ ಕ್ಷೇಮ. ಮಂಗಳವಾರ, ಎಲ್ಲ ಕ್ಷೇಮ. ಹಿಂಗ ಶನಿವಾರದ ತನಕ ಎಲ್ಲ ಕ್ಷೇಮ ಅಂತ ಸಹಿ ಐತಿ. ಸರಕಾರಿ ಪುಸ್ತಕ ಸುಳ್ಳು ಹೇಳತೈತೇನು?”

“ಎಲ್ಲಿ ಹೇಳತೈತ್ರಿ,” ಎಂದು ನೀಲವ್ವ ಕೈಮುಗಿದಳು. “ಇವತ್ತ ಇನ್ನ ಬುಧವಾರ. ಶನಿವಾರದೊಳಗ ನನ್ನ ಎಮ್ಮಿ ಮನಿಗೆ ಬಂದಿರತೈತಿ ಅಂದಂಗಾತು.”